ಎರಡೆರಡು ‘ಆ್ಯಸ್’ ಯಾಕೆ? ಇಂಗ್ಲಿಷಿನಲ್ಲಿ ‘ಅಷ್ಟೇ’ ಅನ್ನುವ ಬಗೆ

ಇಂಗ್ಲಿಷ್ ಕಲಿಯುವವರಿಗೆ ‘ಗಿಂತ’ ಅಂಥ ತೊಂದರೆ ಕೊಡುವುದಿಲ್ಲ. ಟಾಲ್, ಟಾಲರ್, ಟಾಲೆಸ್ಟ್ ಅಂತ ಹೈಸ್ಕೂಲಿನಲ್ಲೇ ಬಾಯಿಪಾಠ ಆಗಿರುತ್ತದೆ. ತೊಂದರೆ ಕೊಡುವುದು ‘ಅಷ್ಟೇ’. ಅವಳು ಅವರಮ್ಮನಷ್ಟೇ ಎತ್ತರ. ಈ ಸಲದ ಬೆಲ್ಲ ಹೋದ ಸಲದಷ್ಟು ಚೆನ್ನಾಗಿಲ್ಲ. ಇಂಥ ಸಾದಾ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ‘ಆ್ಯಸ್ ಟಾಲರ್ ಆ್ಯಸ್’, ‘ಸೇಮ್ ಲೈಕ್’, ‘ಆ್ಯಸ್ ಸೇಮ್ ಆ್ಯಸ್’ ಅಂತ ಏನೇನೋ ಬರುತ್ತದೆ. ಓದಿದವರ ಬಾಯಲ್ಲೂ ಬರುತ್ತದೆ.

ಮಂಡ್ಯದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ: “ಒಂದು ಆ್ಯಸ್ ಸಾಲ್ದಾ ಸಾ? ಎರಡೆರಡು ಯಾಕೆ?”

ಸರಿಯಾದ ಪ್ರಶ್ನೆ. ಕನ್ನಡದಲ್ಲಿ ‘ಅಮ್ಮನಷ್ಟು ಎತ್ತರ’ ಅಂದರೆ ಮುಗಿಯಿತು. ಹೋಲಿಸುವ ಹೆಸರಿಗೆ ‘ಅಷ್ಟು’ ಅಂಟಿಸಿದರೆ ಸಾಕು, ‘ಎತ್ತರ’ ಅನ್ನುವ ಪದವನ್ನು ಯಾರೂ ಮುಟ್ಟುವುದಿಲ್ಲ. ಇಂಗ್ಲಿಷ್ ಮಾತ್ರ ‘ಟಾಲ್’ ಅನ್ನುವ ಪದದ ಹಿಂದೊಂದು ಮುಂದೊಂದು ‘ಆ್ಯಸ್’ ನಿಲ್ಲಿಸುತ್ತದೆ. ಶಿ ಈಸ್ ಆ್ಯಸ್ ಟಾಲ್ ಆ್ಯಸ್ ಹರ್ ಮದರ್. ನೋಡೋಕೆ ಒಂದೇ ಪದ ಎರಡು ಸಲ ಬಂದ ಹಾಗಿದೆ. ಆದರೆ ಇವು ಎರಡೂ ಮಾಡುವ ಕೆಲಸ ಬೇರೆ ಬೇರೆ. ಇದೊಂದು ತಲೆಗೆ ಹತ್ತಿದರೆ ಮಿಕ್ಕ ರೂಲುಗಳನ್ನು ಉರು ಹೊಡೆಯುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ.

ಹೇಗೆ ಅಂತ ನೋಡೋಣ. ಕನ್ನಡದಲ್ಲಿ ಇದೇ ಮಾತಿಗೆ ಇನ್ನೊಂದು ಉದ್ದನೆಯ ರೂಪ ಇದೆ ಅಲ್ವಾ? ‘ಅವರಮ್ಮ ಎಷ್ಟು ಎತ್ತರ ಇದ್ದಾರೋ ಇವಳೂ ಅಷ್ಟೇ ಎತ್ತರ.’ ಇಲ್ಲಿ ಎರಡು ಪದ ಬಂತು. ಒಂದು ‘ಎಷ್ಟೋ’, ಇನ್ನೊಂದು ‘ಅಷ್ಟು’. ಇಂಗ್ಲಿಷಿನ ಎರಡು ‘ಆ್ಯಸ್’ಗಳೂ ಇವೇ. ಮೊದಲನೆಯದು ‘ಅಷ್ಟು’, ಎರಡನೆಯದು ‘ಎಷ್ಟೋ’. ಕನ್ನಡ ‘ಎಷ್ಟೋ’ ಮೊದಲು ಹೇಳಿ ‘ಅಷ್ಟು’ ಆಮೇಲೆ ಹೇಳುತ್ತದೆ, ಇಂಗ್ಲಿಷಿನಲ್ಲಿ ಅದು ತಿರುವುಮುರುವು. ‘ಇವಳು ಅಷ್ಟು ಎತ್ತರ, ಅಮ್ಮ ಎಷ್ಟೋ.’ ಹಿಂದಿ ಬಲ್ಲವರಿಗೆ ‘ಜಿತ್ನಾ – ಉತ್ನಾ’ ಜೋಡಿ ಗೊತ್ತಿರುತ್ತದೆ, ಅದೂ ಇದೇ ಲೆಕ್ಕ. ಇಂಗ್ಲಿಷಿನ ದುರದೃಷ್ಟ ಏನಪ್ಪಾ ಅಂದರೆ ಎರಡಕ್ಕೂ ಒಂದೇ ರೂಪ ಬಂದುಬಿಟ್ಟಿದೆ.

ಮೊದಲನೆಯ ‘ಆ್ಯಸ್’ ಅಂದರೆ ಯಾರೋ ಕೈಯನ್ನು ಗಾಳಿಯಲ್ಲಿ ಹಿಡಿದು ‘ಇಷ್ಟು ಎತ್ತರ’ ಅಂತ ತೋರಿಸಿದ ಹಾಗೆ. ಯಾರ ಎತ್ತರ ಅಂತ ಎರಡನೆಯ ‘ಆ್ಯಸ್’ ಬಂದು ಹೇಳುತ್ತದೆ. ಅದು ಯಾರದ್ದು ಅಂತ ಮೊದಲೇ ಗೊತ್ತಿದ್ದರೆ ಎರಡನೆಯದು ಬೇಕಾಗೇ ಇಲ್ಲ. ‘ರವಿ ಈಸ್ ಸಿಕ್ಸ್ ಫೀಟ್. ಹಿಸ್ ಬ್ರದರ್ ಈಸ್ ಜಸ್ಟ್ ಆ್ಯಸ್ ಟಾಲ್.’ ರವಿ ಆರಡಿ, ಅವನ ತಮ್ಮನೂ ಅಷ್ಟೇ ಎತ್ತರ. ಇಲ್ಲಿ ಒಂದೇ ‘ಆ್ಯಸ್’, ವಾಕ್ಯ ಪೂರ್ತಿ ಸರಿ. ಹಿಂದಿನ ಬೆಂಚಿನ ಪ್ರಶ್ನೆಗೆ ಇದೇ ಉತ್ತರ: ಒಂದು ಸಾಕಾಗುವ ಕಡೆ ಒಂದೇ ಇರುತ್ತದೆ.

ಈಗ ‘ಆ್ಯಸ್ ಟಾಲರ್ ಆ್ಯಸ್’ ಯಾಕೆ ತಪ್ಪು ಅನ್ನುವುದೂ ತಾನಾಗೇ ತಿಳಿಯುತ್ತದೆ. ‘ಟಾಲರ್’ ಅನ್ನುವ ಪದದ ಹೊಟ್ಟೆಯೊಳಗೆ ‘ಗಿಂತ’ ಕೂತಿದೆ. ಅದರ ಮುಂದೆ ‘ಅಷ್ಟು’ ತಂದು ಇಟ್ಟರೆ ‘ಅಷ್ಟು ಅವಳಿಗಿಂತ ಎತ್ತರ ಎಷ್ಟೋ’ ಅಂದಂತೆ ಆಗುತ್ತದೆ. ಯಾರಿಗೆ ಅರ್ಥ ಆಗಬೇಕು? ಹಾಗಾಗಿ ನಡುವೆ ಬರುವ ಗುಣವಾಚಕ ಯಾವಾಗಲೂ ಬೋಳು. ಟಾಲ್, ಗುಡ್, ಬ್ಯಾಡ್, ಎಕ್ಸ್‌ಪೆನ್ಸಿವ್, ಅಷ್ಟೇ. ‘ಆ್ಯಸ್ ಬೆಟರ್ ಆ್ಯಸ್’ ಇಲ್ಲ, ‘ಆ್ಯಸ್ ಮೋರ್ ಎಕ್ಸ್‌ಪೆನ್ಸಿವ್ ಆ್ಯಸ್’ ಇಲ್ಲ.

ಎರಡನೆಯ ‘ಆ್ಯಸ್’ ನಿಜಕ್ಕೂ ‘ಎಷ್ಟೋ’ ಅನ್ನುವುದಕ್ಕೆ ಒಂದು ಗಟ್ಟಿ ಸಾಕ್ಷಿ ಬೇಕಾದರೆ ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ. ಸುಮಾರು 16 ಅಡಿ ಎತ್ತರ, ಸುಮಾರು 25 ಅಡಿ ಉದ್ದ. ‘ದ ನಂದಿ ಈಸ್ ನಾಟ್ ಆ್ಯಸ್ ಟಾಲ್ ಆ್ಯಸ್ ಇಟ್ ಈಸ್ ಲಾಂಗ್.’ ನಂದಿ ಎಷ್ಟು ಉದ್ದ ಇದೆಯೋ ಅಷ್ಟು ಎತ್ತರ ಇಲ್ಲ. ಇಲ್ಲಿ ಹೋಲಿಸುತ್ತಿರುವುದು ಇಬ್ಬರನ್ನಲ್ಲ, ಒಂದೇ ನಂದಿಯ ಎರಡು ಅಳತೆಯನ್ನು. ಇದನ್ನು ಕನ್ನಡಕ್ಕೆ ತರುವಾಗ ‘ನಂದಿಯಷ್ಟು’ ಅನ್ನುವ ಗಿಡ್ಡ ರೂಪ ನಡೆಯುವುದಿಲ್ಲ, ‘ಎಷ್ಟೋ ಅಷ್ಟು’ ಬರಲೇಬೇಕು. ಇಂಗ್ಲಿಷ್ ಮಾತ್ರ ಎರಡಕ್ಕೂ ಅದೇ ಚೌಕಟ್ಟು ಬಳಸುತ್ತದೆ. ಬರೀ ‘ಆ್ಯಸ್ ಹರ್ ಮದರ್’ ಅಂದಾಗಲೂ ಹಿಂದೆ ‘ಈಸ್’ ಅನ್ನುವ ಕ್ರಿಯಾಪದ ನುಂಗಿಕೊಂಡಿರುತ್ತದೆ. ‘ಆ್ಯಸ್ ಟಾಲ್ ಆ್ಯಸ್ ಹರ್ ಮದರ್ ಈಸ್.’ ಹೇಳಿದರೂ ಸರಿ, ಬಿಟ್ಟರೂ ಸರಿ.

ಆ ‘ಎಷ್ಟೋ’ ಜಾಗದಲ್ಲಿ ಏನು ಬೇಕಾದರೂ ಬರಬಹುದು. ಒಂದು ಹೆಸರು ಬರಬಹುದು, ಒಂದು ಪೂರ್ತಿ ವಾಕ್ಯ ಬರಬಹುದು, ಬರೀ ‘ಬಿಫೋರ್’, ‘ಎವರ್’, ‘ಯೂಶುವಲ್’, ‘ಪಾಸಿಬಲ್’ ಬರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಕನ್ನಂಬಾಡಿಯ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ, 124.80 ಅಡಿ ಮುಟ್ಟಿತಾ ಇಲ್ವಾ ಅಂತ ಮನೆ ಮನೆಯಲ್ಲೂ ನೋಡುತ್ತಾರೆ. ‘ದ ಡ್ಯಾಮ್ ಈಸ್ ನಾಟ್ ಆ್ಯಸ್ ಫುಲ್ ಆ್ಯಸ್ ಇಟ್ ವಾಸ್ ಲಾಸ್ಟ್ ಜುಲೈ.’ ಹೋದ ಜುಲೈನಲ್ಲಿ ಎಷ್ಟು ತುಂಬಿತ್ತೋ ಈಗ ಅಷ್ಟು ತುಂಬಿಲ್ಲ. ಇಲ್ಲಿ ‘ಇಟ್ ವಾಸ್’ ಬಿಟ್ಟು ‘ಆ್ಯಸ್ ಫುಲ್ ಆ್ಯಸ್ ಲಾಸ್ಟ್ ಜುಲೈ’ ಅಂದರೂ ಜನ ಒಪ್ಪುತ್ತಾರೆ, ಏಕೆಂದರೆ ಜುಲೈ ತಿಂಗಳು ಅಣೆಕಟ್ಟಿನ ಹಾಗೆ ತುಂಬುವುದಿಲ್ಲ ಅಂತ ಕೇಳುವವರಿಗೂ ಗೊತ್ತು.

ಆದರೆ ಎಲ್ಲ ಕಡೆ ಹೀಗೆ ಬಿಡೋಕೆ ಆಗುವುದಿಲ್ಲ. ಕನ್ನಡದವರು ಜಾಸ್ತಿ ಎಡವುವ ಜಾಗ ಇದು, ಸ್ವಲ್ಪ ನಿಂತು ನೋಡಬೇಕು.

‘ಮೈಸೂರಿನ ಹವೆ ಬೆಂಗಳೂರಿನಷ್ಟೇ ಚೆನ್ನಾಗಿದೆ.’ ಮೈಸೂರಿನವರು ಈ ಮಾತು ಒಪ್ಪುವುದಿಲ್ಲ, ಅವರ ಪ್ರಕಾರ ಬೆಂಗಳೂರಿಗಿಂತ ಚೆನ್ನಾಗಿದೆ, ಅದು ಬೇರೆ ವಿಷಯ. ವಾಕ್ಯ ಕನ್ನಡದಲ್ಲಿ ಸರಿಯಾಗಿದೆ. ಇದನ್ನು ಇಂಗ್ಲಿಷಿಗೆ ತಂದರೆ ‘ದ ವೆದರ್ ಇನ್ ಮೈಸೂರು ಈಸ್ ಆ್ಯಸ್ ಪ್ಲೆಸೆಂಟ್ ಆ್ಯಸ್ ಬೆಂಗಳೂರು’ ಅಂತ ಬರೆಯುತ್ತಾರೆ. ಈಗ ಏನಾಯಿತು? ಒಂದು ಕಡೆ ಹವೆ, ಇನ್ನೊಂದು ಕಡೆ ಊರು. ಹವೆಯನ್ನು ಊರಿಗೆ ಹೋಲಿಸಿದ ಹಾಗಾಯಿತು. ಸರಿಯಾಗಿ ಬರೆಯಬೇಕು ಅಂದರೆ ‘ಆ್ಯಸ್ ಇಟ್ ಈಸ್ ಇನ್ ಬೆಂಗಳೂರು’ ಅನ್ನಬೇಕು, ಇಲ್ಲವೇ ‘ಆ್ಯಸ್ ದಟ್ ಆಫ್ ಬೆಂಗಳೂರು’ ಅನ್ನಬೇಕು. ಮಾತಿನಲ್ಲಿ ‘ಆ್ಯಸ್ ಇನ್ ಬೆಂಗಳೂರು’ ಸಾಕು.

ಕನ್ನಡದವರಿಗೇ ಈ ತಪ್ಪು ಯಾಕೆ ಇಷ್ಟು ಸಲೀಸಾಗಿ ಬರುತ್ತದೆ? ‘ಬೆಂಗಳೂರಿನಷ್ಟು’ ಅನ್ನುವ ಪದವನ್ನು ಬಿಡಿಸಿ ನೋಡಿ. ಬೆಂಗಳೂರಿನ + ಅಷ್ಟು. ‘ಬೆಂಗಳೂರಿನ’ ಅನ್ನುವುದು ಆಗಲೇ ‘ಊರಿಗೆ ಸೇರಿದ’ ಅನ್ನುವ ರೂಪ. ಹಾಗಾಗಿ ‘ಬೆಂಗಳೂರಿನ ಹವೆಯಷ್ಟು’ ಅನ್ನುವುದಕ್ಕೂ ‘ಬೆಂಗಳೂರು ಎಷ್ಟೋ ಅಷ್ಟು’ ಅನ್ನುವುದಕ್ಕೂ ಕನ್ನಡದಲ್ಲಿ ಒಂದೇ ಪದ ಸಾಕಾಗುತ್ತದೆ, ಕೇಳಿದವರು ತಾವೇ ಹೊಂದಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ‘ಬೆಂಗಳೂರು’ ಬೇರೆ, ‘ಬೆಂಗಳೂರೂಸ್’ ಬೇರೆ. ಆ ಕೊನೆಯ ‘ಸ್’ ನುಂಗಿದರೆ ಸಿಕ್ಕಿಬೀಳುತ್ತೀರಿ. ‘ನನ್ನ ಫೋನು ನಿನ್ನಷ್ಟೇ ಹಳೇದು’ ಅಂತ ನಾವು ಸ್ನೇಹಿತರಿಗೆ ಹೇಳಿದರೆ ಯಾರೂ ನಗುವುದಿಲ್ಲ. ‘ಮೈ ಫೋನ್ ಈಸ್ ಆ್ಯಸ್ ಓಲ್ಡ್ ಆ್ಯಸ್ ಯೂ’ ಅಂದರೆ ಫೋನಿಗೂ ಸ್ನೇಹಿತನಿಗೂ ಒಂದೇ ವಯಸ್ಸು ಅಂತ ಅರ್ಥ. ‘ಆ್ಯಸ್ ಯುವರ್ಸ್’ ಅನ್ನಬೇಕು.

ಇದರ ಜೊತೆಗೇ ‘ಆ್ಯಸ್ ಟಾಲ್ ಆ್ಯಸ್ ಐ’ ಸರಿಯೋ ‘ಆ್ಯಸ್ ಟಾಲ್ ಆ್ಯಸ್ ಮಿ’ ಸರಿಯೋ ಅನ್ನುವ ಹಳೇ ಜಗಳವನ್ನೂ ಮುಗಿಸೋಣ. ಕ್ರಿಯಾಪದ ನುಂಗಿಕೊಂಡಿದೆ ಅಂತ ಲೆಕ್ಕ ಹಿಡಿದರೆ ‘ಐ’ ಬರಬೇಕು. ‘ಆ್ಯಸ್’ ಆದಮೇಲೆ ಬರೀ ಒಂದು ಹೆಸರು ಅಂತ ಲೆಕ್ಕ ಹಿಡಿದರೆ ‘ಮಿ’ ಬರುತ್ತದೆ. ಹಳೆಯ ಮೇಷ್ಟ್ರುಗಳು ‘ಐ’ ಮಾತ್ರ ಸರಿ ಅನ್ನುತ್ತಿದ್ದರು. ಇವತ್ತು ಇಂಗ್ಲಿಷ್ ಮನೆಮಾತಾದವರು ಮಾತಾಡುವಾಗ ‘ಮಿ’ ಅಂತಲೇ ಅನ್ನುತ್ತಾರೆ, ಬರೀ ‘ಆ್ಯಸ್ ಐ’ ಅಂದರೆ ಕೋಟು ಹಾಕಿಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ನನ್ನ ಸಲಹೆ ‘ಆ್ಯಸ್ ಐ ಆ್ಯಮ್’. ಯಾರೂ ಬೆರಳು ತೋರಿಸುವ ಹಾಗಿಲ್ಲ.

ಅರ್ಥವೇ ಬದಲಾಗುವ ಕಡೆ ಮಾತ್ರ ಹುಷಾರಾಗಿರಬೇಕು. ‘ಶಿ ಲೈಕ್ಸ್ ರವಿ ಆ್ಯಸ್ ಮಚ್ ಆ್ಯಸ್ ಐ ಡು’ ಅಂದರೆ ರವಿಯನ್ನು ಕಂಡರೆ ನನಗೆ ಎಷ್ಟು ಇಷ್ಟವೋ ಅವಳಿಗೂ ಅಷ್ಟೇ ಇಷ್ಟ. ‘ಆ್ಯಸ್ ಮಚ್ ಆ್ಯಸ್ ಶಿ ಲೈಕ್ಸ್ ಮಿ’ ಅಂದರೆ ಅವಳಿಗೆ ನಾನೆಂದರೆ ಎಷ್ಟು ಇಷ್ಟವೋ ರವಿಯೂ ಅಷ್ಟೇ. ಬರೀ ‘ಆ್ಯಸ್ ಮಚ್ ಆ್ಯಸ್ ಮಿ’ ಅಂದರೆ ಎರಡರಲ್ಲಿ ಯಾವುದೂ ಆಗಬಹುದು. ಕನ್ನಡದ ‘ಅವಳು ರವಿಯನ್ನು ನನ್ನಷ್ಟೇ ಇಷ್ಟಪಡುತ್ತಾಳೆ’ ಕೂಡ ಇದೇ ಗೊಂದಲದಲ್ಲಿ ಸಿಕ್ಕಿದೆ. ಇಂಥ ಸೂಕ್ಷ್ಮದ ವಿಷಯದಲ್ಲಿ ಎರಡು ಪದ ಉಳಿಸೋಕೆ ಹೋಗಬಾರದು.

ಇನ್ನು ಈ ಪದಗುಚ್ಛ ವಾಕ್ಯದಲ್ಲಿ ಕೂರುವ ಜಾಗ. ‘ಆ್ಯಸ್ ಟಾಲ್ ಆ್ಯಸ್ ರವಿ’ ಅಷ್ಟೂ ಸೇರಿ ಒಂದೇ ಗುಣವಾಚಕದ ಕೆಲಸ ಮಾಡುತ್ತದೆ. ಒಂದೇ ಪದ ಆಗಿದ್ದರೆ ಹೆಸರಿನ ಮುಂದೆ ಬರುತ್ತಿತ್ತು, ‘ಎ ಟಾಲ್ ಬಾಯ್’. ಕನ್ನಡದಲ್ಲಿ ಎಷ್ಟು ಉದ್ದ ಇದ್ದರೂ ಮುಂದೆಯೇ ಬರುತ್ತದೆ: ‘ರವಿಯಷ್ಟು ಎತ್ತರದ ಹುಡುಗ’. ಅದೇ ಅಭ್ಯಾಸದಲ್ಲಿ ‘ಆ್ಯನ್ ಆ್ಯಸ್ ಟಾಲ್ ಆ್ಯಸ್ ರವಿ ಬಾಯ್’ ಅಂದರೆ ಕೆಟ್ಟಿತು. ಇಂಗ್ಲಿಷಿನಲ್ಲಿ ಬಾಲ ಇರುವ ಗುಣವಾಚಕ ಹೆಸರಿನ ಹಿಂದಕ್ಕೆ ಹೋಗಬೇಕು, ‘ಎ ಬಾಯ್ ಆ್ಯಸ್ ಟಾಲ್ ಆ್ಯಸ್ ರವಿ’.

ಹಾಗೆ ಹಿಂದಕ್ಕೆ ಹೋಗದೆ ನಡುವೆ ಒಡೆದು ನಿಲ್ಲುವ ಇನ್ನೊಂದು ದಾರಿಯೂ ಇದೆ, ಅದು ಇನ್ನೂ ತಮಾಷೆ. ‘ಶಿ ಈಸ್ ಆ್ಯಸ್ ಗುಡ್ ಎ ಡಾಕ್ಟರ್ ಆ್ಯಸ್ ಹರ್ ಫಾದರ್.’ ಅವಳು ಅವರಪ್ಪನಷ್ಟೇ ಒಳ್ಳೆಯ ಡಾಕ್ಟರು. ಆ ಪುಟ್ಟ ‘ಎ’ ಎಲ್ಲಿ ಹೋಗಿ ಕೂತಿದೆ ನೋಡಿ. ಮಾಮೂಲಿಯಾಗಿ ‘ಎ ಗುಡ್ ಡಾಕ್ಟರ್’. ಇಲ್ಲಿ ‘ಗುಡ್ ಎ ಡಾಕ್ಟರ್’. ‘ಆ್ಯಸ್ ಎ ಗುಡ್ ಡಾಕ್ಟರ್ ಆ್ಯಸ್’ ಅನ್ನುವುದು ತಪ್ಪು. ಕಾರಣ ಮತ್ತೆ ಅದೇ, ಮೊದಲನೆಯ ‘ಆ್ಯಸ್’ ಅಂದರೆ ‘ಅಷ್ಟು’. ಅದಕ್ಕೆ ಬೇಕಾದ್ದು ಅಳತೆ ಇರುವ ಪದ. ಡಾಕ್ಟರಿಗೆ ಅಳತೆ ಇಲ್ಲ, ಒಳ್ಳೆಯತನಕ್ಕೆ ಇದೆ. ಹಾಗಾಗಿ ‘ಆ್ಯಸ್’ ಬಂದು ‘ಗುಡ್’ ಅನ್ನು ಕೈಹಿಡಿದು ಮುಂದಕ್ಕೆ ಎಳೆದುಕೊಳ್ಳುತ್ತದೆ, ‘ಎ’ ಹಿಂದೆ ಉಳಿಯುತ್ತದೆ. ‘ಸೋ’, ‘ಟೂ’, ‘ಹೌ’ ಕೂಡ ಇದೇ ಬುದ್ಧಿಯವು. ಸೋ ಗುಡ್ ಎ ಡಾಕ್ಟರ್, ಟೂ ಬಿಗ್ ಎ ಹೌಸ್, ಹೌ ಬಿಗ್ ಎ ಹೌಸ್. ಎಲ್ಲವೂ ಅಷ್ಟು, ಇಷ್ಟು, ಎಷ್ಟು ಅನ್ನುವ ಮನೆಯವೇ. ಡಾಕ್ಟರುಗಳು ಒಬ್ಬರಿಗಿಂತ ಹೆಚ್ಚಾದರೆ ಈ ಕಟ್ಟು ಚೆನ್ನಾಗಿ ಕೂರುವುದಿಲ್ಲ, ‘ದೇ ಆರ್ ಆ್ಯಸ್ ಗುಡ್ ಆ್ಯಸ್ ದೇರ್ ಫಾದರ್’ ಅಂತ ಬೇರೆ ದಾರಿ ಹಿಡಿಯಬೇಕು.

ಈಗ ಇಲ್ಲ ಅನ್ನುವ ಮಾತಿಗೆ ಬರೋಣ. ‘ನಾಟ್ ಆ್ಯಸ್ ಟಾಲ್ ಆ್ಯಸ್’ ಅಂದರೆ ಏನು? ‘ಸಮ ಇಲ್ಲ’ ಅಂತ ಅಷ್ಟೇ ಆಗಿದ್ದರೆ ಜಾಸ್ತಿಯೂ ಇರಬಹುದಿತ್ತು, ಕಮ್ಮಿಯೂ ಇರಬಹುದಿತ್ತು. ಆದರೆ ‘ರವಿ ಈಸ್ ನಾಟ್ ಆ್ಯಸ್ ಟಾಲ್ ಆ್ಯಸ್ ಹಿಸ್ ಬ್ರದರ್’ ಅಂದಾಗ ಇಬ್ಬರಲ್ಲಿ ರವಿಯ ಎತ್ತರವೇ ಕಮ್ಮಿ ಅಂತ ಅರ್ಥ. ಕನ್ನಡದಲ್ಲೂ ‘ತಮ್ಮನಷ್ಟು ಎತ್ತರ ಇಲ್ಲ’ ಅಂದರೆ ತಮ್ಮನಿಗಿಂತ ಕಮ್ಮಿ ಅಂತಲೇ. ಇದರಿಂದ ಒಂದು ಗುಟ್ಟು ಹೊರಗೆ ಬೀಳುತ್ತದೆ. ‘ಆ್ಯಸ್ ಟಾಲ್ ಆ್ಯಸ್’ ಅನ್ನುವುದರ ಮೂಲ ಅರ್ಥ ಸರಿಸಮ ಅಂತಲ್ಲ, ‘ಕನಿಷ್ಠ ಅಷ್ಟಾದರೂ’ ಅಂತ. ಮಾತಿನಲ್ಲಿ ಸಾಮಾನ್ಯವಾಗಿ ನಾವು ಸಮ ಅಂತಲೇ ತಿಳಿದುಕೊಳ್ಳುತ್ತೇವೆ, ಏಕೆಂದರೆ ಜಾಸ್ತಿ ಇದ್ದಿದ್ದರೆ ಹೇಳುವವನು ‘ಗಿಂತ’ ಅನ್ನುತ್ತಿದ್ದ. ಆದರೆ ಜಾಸ್ತಿ ಇರುವುದಕ್ಕೆ ಬಾಗಿಲು ಮುಚ್ಚಿರುವುದಿಲ್ಲ. ಅದಕ್ಕೇ ‘ಆ್ಯಸ್ ಗುಡ್ ಆ್ಯಸ್, ಇಫ್ ನಾಟ್ ಬೆಟರ್ ದ್ಯಾನ್’ ಅಂತ ಒಂದೇ ಉಸಿರಿನಲ್ಲಿ ಹೇಳೋಕೆ ಆಗುವುದು. ಅಷ್ಟು ಚೆನ್ನಾಗಿದೆ, ಅದಕ್ಕಿಂತ ಚೆನ್ನಾಗಿದ್ದರೂ ಇರಬಹುದು. (ಬರೆಯುವಾಗ ಆ ಎರಡನೆಯ ‘ಆ್ಯಸ್’ ನುಂಗಿ ‘ಆ್ಯಸ್ ಗುಡ್ ಇಫ್ ನಾಟ್ ಬೆಟರ್ ದ್ಯಾನ್’ ಅಂತ ಬಿಡುವವರು ಪೇಪರಿನವರಲ್ಲೂ ಇದ್ದಾರೆ.)

ಹೈಸ್ಕೂಲಿನಲ್ಲಿ ಡಿಗ್ರಿ ಬದಲಿಸುವ ಲೆಕ್ಕ ಮಾಡಿದ್ದು ನೆನಪಿದೆಯಾ? ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಅನ್ನುವುದನ್ನು ಪಾಸಿಟಿವ್ ಡಿಗ್ರಿಗೆ ತನ್ನಿ ಅಂದರೆ ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಅಂತ ಬರೆದು ಮಾರ್ಕು ತಗೊಂಡಿದ್ದೇವೆ. ಹೇಗೆ ಇದು ಸರಿಹೋಯಿತು ಅಂತ ಯಾರೂ ಕೇಳಲಿಲ್ಲ. ‘ಆ್ಯಸ್ ಹೈ ಆ್ಯಸ್’ ಅಂದರೆ ಸರಿಸಮ ಅಂತ ಮಾತ್ರ ಆಗಿದ್ದರೆ, ಬೇರೆ ಯಾವ ಬೆಟ್ಟವೂ ಮುಳ್ಳಯ್ಯನಗಿರಿಗೆ ಸರಿಸಮ ಇಲ್ಲ, ಆದರೆ ನಾಲ್ಕಾರು ಬೆಟ್ಟ ಅದಕ್ಕಿಂತ ಎತ್ತರ ಇದ್ದರೂ ಇರಬಹುದು ಅಂತ ಆಗುತ್ತಿತ್ತು. ಹಾಗೆ ಆಗುವುದಿಲ್ಲ. ‘ಕನಿಷ್ಠ ಅಷ್ಟು’ ಅನ್ನುವುದನ್ನೇ ಇಲ್ಲ ಅಂದಮೇಲೆ ಮಿಕ್ಕ ಬೆಟ್ಟಗಳೆಲ್ಲ ಕೆಳಗೇ ಉಳಿದವು. ಆ ಪರೀಕ್ಷೆಯ ಪ್ರಶ್ನೆ ನಿಂತಿರುವುದೇ ಈ ಆಧಾರದ ಮೇಲೆ. ‘ವೆರಿ ಫ್ಯೂ ಸಿಟೀಸ್ ಆರ್ ಆ್ಯಸ್ ಕ್ಲೀನ್ ಆ್ಯಸ್ ಮೈಸೂರು’ ಅನ್ನುವುದೂ ಹೀಗೇ. ಮೈಸೂರಿನಷ್ಟು ಅಥವಾ ಅದಕ್ಕಿಂತ ಚೊಕ್ಕಟವಾಗಿರುವ ಊರುಗಳನ್ನು ಬೆರಳಲ್ಲಿ ಎಣಿಸಬಹುದು ಅಂತ.

ಇಲ್ಲ ಅನ್ನುವಾಗ ಮೊದಲನೆಯ ‘ಆ್ಯಸ್’ ಬದಲು ‘ಸೋ’ ಕೂಡ ಬರುತ್ತದೆ, ‘ನಾಟ್ ಸೋ ಟಾಲ್ ಆ್ಯಸ್’. ಹಳೆಯ ವ್ಯಾಕರಣಗಳು ‘ನಾಟ್’ ಇದ್ದರೆ ‘ಸೋ’ ಬರಲೇಬೇಕು ಅನ್ನುತ್ತಿದ್ದವು. ಈಗ ಆ ಹಟ ಯಾರಿಗೂ ಇಲ್ಲ, ‘ನಾಟ್ ಆ್ಯಸ್’ ಅಂತಲೇ ಜಾಸ್ತಿ ಕೇಳುವುದು. ಹೌದು ಅನ್ನುವ ವಾಕ್ಯದಲ್ಲಿ ಮಾತ್ರ ‘ಶಿ ಈಸ್ ಸೋ ಟಾಲ್ ಆ್ಯಸ್ ಹರ್ ಮದರ್’ ಅನ್ನಬೇಡಿ.

ಈ ‘ನಾಟ್ ಆ್ಯಸ್’ ಸುಮ್ನೆ ವ್ಯಾಕರಣದ ಗಂಟಲ್ಲ, ಮರ್ಯಾದೆಯ ಮಾತಿಗೂ ಬೇಕಾಗುತ್ತದೆ. ನೆಂಟರ ಮನೆಯಲ್ಲಿ ಮೈಸೂರು ಪಾಕ್ ತಿಂದು ‘ಹೋದ ಸಲಕ್ಕಿಂತ ಕೆಟ್ಟದಾಗಿದೆ’ ಅನ್ನುತ್ತೀರಾ? ‘ಹೋದ ಸಲದಷ್ಟು ಬಂದಿಲ್ಲ ಅಕ್ಕ’ ಅನ್ನುತ್ತೀರಿ. ಇಂಗ್ಲಿಷಿನವರೂ ‘ವರ್ಸ್ ದ್ಯಾನ್’ ಅನ್ನುವ ಬದಲು ‘ನಾಟ್ ಕ್ವೈಟ್ ಆ್ಯಸ್ ಗುಡ್ ಆ್ಯಸ್’ ಅನ್ನುತ್ತಾರೆ. ಆ ‘ಕ್ವೈಟ್’ ಇನ್ನೂ ಮೆತ್ತಗೆ ಮಾಡುತ್ತದೆ, ಒಂದು ಗುಲಗಂಜಿ ಕಮ್ಮಿ ಅಂತ. ಉಲ್ಟಾ ‘ನಾಟ್ ನಿಯರ್ಲಿ ಆ್ಯಸ್ ಗುಡ್ ಆ್ಯಸ್’ ಅಂದರೆ ಹತ್ತಿರಕ್ಕೂ ಬರುವುದಿಲ್ಲ ಅಂತ. ಇದರಲ್ಲಿ ‘ನಿಯರ್ಲಿ’ ನೋಡಿ ‘ಹತ್ತಿರ ಹತ್ತಿರ ಅಷ್ಟೇ’ ಅಂತ ತಿಳಿದುಕೊಳ್ಳುವವರಿದ್ದಾರೆ. ‘ನಾಟ್’ ಇಲ್ಲದೆ ‘ನಿಯರ್ಲಿ ಆ್ಯಸ್ ಗುಡ್ ಆ್ಯಸ್’ ಅಂದಾಗ ಮಾತ್ರ ಆ ಅರ್ಥ.

ಇನ್ನೊಂದು ಉಪಯೋಗ ಇದೆ. ‘ಲೆಸ್ ಟಾಲ್’, ‘ಲೆಸ್ ಓಲ್ಡ್’ ಅಂತ ಇಂಗ್ಲಿಷಿನವರ ಬಾಯಲ್ಲಿ ಬರುವುದು ಅಪರೂಪ, ಕಿವಿಗೆ ಒಗ್ಗುವುದಿಲ್ಲ. ಆ ತೂತನ್ನು ಮುಚ್ಚುವುದು ‘ನಾಟ್ ಆ್ಯಸ್ ಟಾಲ್ ಆ್ಯಸ್’.

ಸರಿ, ಎತ್ತರ ಹೇಳುವುದಕ್ಕೆ ‘ಟಾಲ್’ ಬದಲು ‘ಶಾರ್ಟ್’ ಬಳಸಿದರೆ? ಇಬ್ಬರೂ ಸಮ ಅಂದಮೇಲೆ ಯಾವ ಪದವಾದರೇನು ಅನ್ನಿಸಬಹುದು. ಅಲ್ಲೇ ಇರುವುದು ಮಜಾ. ‘ಶಿ ಈಸ್ ಆ್ಯಸ್ ಟಾಲ್ ಆ್ಯಸ್ ಹರ್ ಮದರ್’ ಅಂದರೆ ಇಬ್ಬರೂ ಎತ್ತರ ಅಂತ ಅರ್ಥ ಬರುವುದಿಲ್ಲ. ಇಬ್ಬರೂ ನಾಲ್ಕೂವರೆ ಅಡಿ ಇದ್ದರೂ ಈ ವಾಕ್ಯ ಸರಿ. ‘ಆ್ಯಸ್ ಶಾರ್ಟ್ ಆ್ಯಸ್’ ಅಂದರೆ ಮಾತ್ರ ಅಮ್ಮ ಮಗಳು ಇಬ್ಬರೂ ಕುಳ್ಳ ಅಂತ ಹೇಳಿದ ಹಾಗಾಯಿತು. ಕನ್ನಡದಲ್ಲೂ ಹುಡುಗಿ ನೋಡೋಕೆ ಬಂದವರು ‘ಎಷ್ಟು ಎತ್ತರ ಇದ್ದಾಳೆ?’ ಅಂತ ಕೇಳುತ್ತಾರೆಯೇ ಹೊರತು ‘ಎಷ್ಟು ಕುಳ್ಳಿ?’ ಅಂತ ಕೇಳುವುದಿಲ್ಲ. ವಯಸ್ಸೂ ಹಾಗೇ. ಎರಡು ವರ್ಷದ ಮಗುವಿಗೂ ‘ಹೌ ಓಲ್ಡ್’. ‘ಆ್ಯಸ್ ಓಲ್ಡ್ ಆ್ಯಸ್’ ಅಂದರೆ ವಯಸ್ಸು ಸಮ, ಅಷ್ಟೇ. ‘ಆ್ಯಸ್ ಯಂಗ್ ಆ್ಯಸ್’ ಅಂದರೆ ಎಳೆ ಪ್ರಾಯ ಅಂತ ಒತ್ತಿ ಹೇಳಿದ ಹಾಗೆ. ಆದರೆ ಈ ರಿಯಾಯಿತಿ ಅಳತೆಯ ಪದಗಳಿಗೆ ಮಾತ್ರ. ‘ಆ್ಯಸ್ ಲೇಝಿ ಆ್ಯಸ್ ಹಿಸ್ ಬ್ರದರ್’ ಅಂದರೆ ಅಣ್ಣ ತಮ್ಮ ಇಬ್ಬರೂ ಸೋಮಾರಿಗಳೇ, ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ.

ಎಣಿಸುವಂಥದ್ದಕ್ಕೆ ‘ಆ್ಯಸ್ ಮೆನಿ’, ಅಳೆಯುವಂಥದ್ದಕ್ಕೆ ‘ಆ್ಯಸ್ ಮಚ್’. ಆ್ಯಸ್ ಮೆನಿ ಕೋಕೊನಟ್ಸ್, ಆ್ಯಸ್ ಮಚ್ ಶುಗರ್. ಇದರಲ್ಲಿ ಹೇಳೋಕೆ ಇನ್ನೇನೂ ಇಲ್ಲ.

ಪಟ್ಟು ಹೇಳುವಾಗ ನಮಗೆ ಒಂದು ಅನುಕೂಲ ಇದೆ. ಎರಡರಷ್ಟು, ಮೂರರಷ್ಟು, ಹತ್ತರಷ್ಟು ಅಂತ ಕನ್ನಡದ ‘ಅಷ್ಟು’ ಅಲ್ಲೂ ಇದೆ. ಇಂಗ್ಲಿಷೂ ಅದನ್ನೇ ಮಾಡುತ್ತದೆ, ಟ್ವೈಸ್ ಆ್ಯಸ್, ತ್ರೀ ಟೈಮ್ಸ್ ಆ್ಯಸ್, ಹಾಫ್ ಆ್ಯಸ್. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ಬೆಂಗಳೂರು ಸುಮಾರು 100. ‘ಬೆಂಗಳೂರು ಈಸ್ ಮೋರ್ ದ್ಯಾನ್ ಟ್ವೈಸ್ ಆ್ಯಸ್ ಫಾರ್ ಫ್ರಮ್ ಮಂಡ್ಯ ಆ್ಯಸ್ ಮೈಸೂರು ಈಸ್.’ ಕೊನೆಯ ‘ಈಸ್’ ಬಿಡಬೇಡಿ, ಮೈಸೂರು ಹೋಲಿಕೆಯ ಯಾವ ಕಡೆ ನಿಂತಿದೆ ಅಂತ ತೋರಿಸುವುದು ಅದೇ. ಅದರ ಬದಲು ‘ಆ್ಯಸ್ ಫ್ರಮ್ ಮೈಸೂರು’ ಅಂದುಬಿಟ್ಟರೆ ಬೆಂಗಳೂರಿಗೆ ಮೈಸೂರಿನಿಂದ ಹತ್ತಿರ, ಮಂಡ್ಯದಿಂದ ದೂರ ಅಂತ ಆಗಿ ನಕ್ಷೆಯೇ ತಲೆಕೆಳಗಾಗುತ್ತದೆ.

‘ತ್ರೀ ಟೈಮ್ಸ್ ಬಿಗ್ಗರ್ ದ್ಯಾನ್’ ಅನ್ನುವುದು ರೂಢಿಯಲ್ಲಿದೆ, ಆದರೆ ನನಗೆ ಇಷ್ಟ ಇಲ್ಲ. ಮೂರು ಪಟ್ಟಾ, ಇಲ್ಲ ಇರುವುದರ ಮೇಲೆ ಇನ್ನೂ ಮೂರು ಪಟ್ಟು ಸೇರಿ ನಾಲ್ಕಾ? ಕನ್ನಡದ ‘ಮೂರು ಪಟ್ಟು ಹೆಚ್ಚು’ ಅನ್ನುವುದರಲ್ಲೂ ಇದೇ ತಕರಾರು. ದುಡ್ಡಿನ ವಿಷಯ ಬರೆಯುವಾಗ ‘ತ್ರೀ ಟೈಮ್ಸ್ ಆ್ಯಸ್ ಮಚ್ ಆ್ಯಸ್’ ಹಾಕಿ, ‘ಮೂರರಷ್ಟು’ ಅಂತ ಬರೆಯಿರಿ.

‘ಸೇಮ್’ ಬಗ್ಗೆ ಒಂದು ಮಾತು. ‘ಸೇಮ್’ಗೆ ಮೊದಲು ‘ದ’ ಬರಬೇಕು, ಆಮೇಲೆ ‘ಆ್ಯಸ್’ ಬರಬೇಕು, ‘ಸೇಮ್’ಗೂ ‘ಆ್ಯಸ್’ಗೂ ನಡುವೆ ಗುಣವಾಚಕ ಅಲ್ಲ, ಹೆಸರು ಬರಬೇಕು. ‘ದ ಸೇಮ್ ಹೈಟ್ ಆ್ಯಸ್’, ‘ದ ಸೇಮ್ ಏಜ್ ಆ್ಯಸ್’. ‘ದ ಸೇಮ್ ಟಾಲ್ ಆ್ಯಸ್’ ಇಲ್ಲ. ‘ಸೇಮ್ ಟು ಸೇಮ್’ ಅನ್ನುವುದು ನಮ್ಮ ದೇಶದ ಸರಕು, ಮನೆಯಲ್ಲಿ ಬಳಸಿ, ಇಂಟರ್‌ವ್ಯೂನಲ್ಲಿ ಬೇಡ.

ಹೋಲಿಕೆಯೇ ಇಲ್ಲದ ‘ಆ್ಯಸ್ – ಆ್ಯಸ್’ ಕೂಡ ಇದೆ, ಪೇಪರ್ ಓದುವವರಿಗೆ ದಿನಾ ಸಿಗುತ್ತದೆ. ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಗಿದ್ದು ‘ಆ್ಯಸ್ ಅರ್ಲಿ ಆ್ಯಸ್ 1902’. ಇಲ್ಲಿ 1902ಕ್ಕೆ ಯಾವುದನ್ನೂ ಹೋಲಿಸಿಲ್ಲ. ‘ನೋಡಿ, ಅಷ್ಟು ಹಿಂದೆಯೇ!’ ಅನ್ನುವ ಬೆರಗು ಅಷ್ಟೇ. ಚಾಮುಂಡಿ ಬೆಟ್ಟಕ್ಕೆ ‘ಆ್ಯಸ್ ಮೆನಿ ಆ್ಯಸ್ ಎ ಥೌಸಂಡ್ ಸ್ಟೆಪ್ಸ್’ ಅಂದಾಗಲೂ ಅಂಥದ್ದೇ, ಸಾವಿರ ಮೆಟ್ಟಿಲು ಕಣ್ರೀ ಅಂತ. ಇದನ್ನು ಕನ್ನಡಕ್ಕೆ ತರುವಾಗ ‘1902ರಷ್ಟು ಹಿಂದೆಯೇ’, ‘ಸಾವಿರದಷ್ಟು ಮೆಟ್ಟಿಲುಗಳು’ ಅಂತ ಪದಕ್ಕೆ ಪದ ಇಡುವ ಚಾಳಿ ಈಚೆಗೆ ಬಂದಿದೆ. ‘1902ರಲ್ಲೇ’, ‘ಸಾವಿರ ಮೆಟ್ಟಿಲು’ ಅಂದರೆ ಏನು ಕಮ್ಮಿ ಆಯಿತು? ಕನ್ನಡದ ಒಂದು ‘ಏ’ ಅಷ್ಟೂ ಬೆರಗನ್ನು ಹೊರುತ್ತದೆ.

‘ಆ್ಯಸ್ ಗುಡ್ ಆ್ಯಸ್’ ಕೂಡ ಕೆಲವು ಕಡೆ ಒಳ್ಳೆಯದಕ್ಕೂ ಸಂಬಂಧ ಇಲ್ಲ, ಹೋಲಿಕೆಗೂ ಇಲ್ಲ. ‘ದ ವರ್ಕ್ ಈಸ್ ಆ್ಯಸ್ ಗುಡ್ ಆ್ಯಸ್ ಡನ್.’ ಕೆಲಸ ಆದ ಹಾಗೇ ಲೆಕ್ಕ. ಗಾರೆ ಕೆಲಸದವರು, ಬಡಗಿಗಳು ನಮಗೆ ಹೇಳುವ ಮಾತು. ಆಗಿರುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಉಪಮೆಗಳ ಕಡೆಗೂ ಒಮ್ಮೆ ಇಣುಕೋಣ. ಆ್ಯಸ್ ವೈಟ್ ಆ್ಯಸ್ ಸ್ನೋ, ಆ್ಯಸ್ ಬಿಝಿ ಆ್ಯಸ್ ಎ ಬೀ, ಆ್ಯಸ್ ಕೂಲ್ ಆ್ಯಸ್ ಎ ಕುಕುಂಬರ್. ಇವು ಸವೆದ ನಾಣ್ಯಗಳು, ಪರೀಕ್ಷೆಗೆ ಪರವಾಗಿಲ್ಲ. ಇವುಗಳಲ್ಲಿ ಮೊದಲನೆಯ ‘ಆ್ಯಸ್’ ಎಷ್ಟೋ ಸಲ ಉದುರಿಹೋಗುತ್ತದೆ, ‘ಕೂಲ್ ಆ್ಯಸ್ ಎ ಕುಕುಂಬರ್’ ಅಂತಲೇ ಅನ್ನುತ್ತಾರೆ. ಇಲ್ಲಿ ಯಾರೂ ನಿಜವಾಗಿ ಅಳೆಯುತ್ತಿಲ್ಲವಲ್ಲ, ‘ಅಷ್ಟು’ ಬಿಟ್ಟರೂ ನಡೆಯುತ್ತದೆ. ನನಗೆ ಹಿಡಿಸುವುದು ‘ಆ್ಯಸ್ ಕ್ಲಿಯರ್ ಆ್ಯಸ್ ಮಡ್’. ಕೆಸರಿನಷ್ಟು ತಿಳಿ. ವ್ಯಾಕರಣದ ಪಾಠ ಮುಗಿದಮೇಲೆ ‘ಅರ್ಥ ಆಯ್ತಾ?’ ಅಂದರೆ ಹೀಗೆ ಉತ್ತರ ಕೊಡಬಹುದು.

ಎರಡೂ ‘ಆ್ಯಸ್’ ಒಂದೇ ರೂಪ ಆಗಿದ್ದು ಹೇಗೆ ಅಂದರೆ, ಹಳೆಯ ಇಂಗ್ಲಿಷಿನಲ್ಲಿ ‘ಸ್ವಾ’ ಅನ್ನುವ ಪದ ಇತ್ತು, ಇವತ್ತಿನ ‘ಸೋ’ ಅದೇ. ಅದಕ್ಕೆ ಒತ್ತು ಕೊಡೋಕೆ ಮುಂದೆ ‘ಎಲ್ಲ’ ಅನ್ನುವ ಅರ್ಥದ ‘ಆಲ್’ ಸೇರಿಸಿ ‘ಆಲ್ ಸ್ವಾ’ ಅಂದರು. ಅದು ಒತ್ತಿ ಹೇಳುವ ಕಡೆ ‘ಆಲ್ಸೋ’ ಆಗಿ ಉಳಿಯಿತು, ಮಾತಿನ ಭರದಲ್ಲಿ ಸವೆದು ಸವೆದು ‘ಆ್ಯಸ್’ ಆಯಿತು. ಆಲ್ಸೋ, ಆ್ಯಸ್, ಸೋ ಮೂರೂ ಒಂದೇ ವಂಶ. ‘ನಾಟ್ ಸೋ ಟಾಲ್ ಆ್ಯಸ್’ನಲ್ಲಿ ‘ಸೋ’ ಬಂದು ಕೂತಿರುವುದು ಹಾಗಾಗಿ ಹೊರಗಿನವರಂತೆ ಅಲ್ಲ, ಮನೆಯವರಂತೆ.

ಆ ಸವೆತ ಇವತ್ತಿಗೂ ನಿಂತಿಲ್ಲ. ನಾವು ‘ಆ್ಯಸ್’ ಅಂತ ಬಾಯಿ ತುಂಬ ಹೇಳುತ್ತೇವೆ, ಎರಡು ಸಲವೂ. ಇಂಗ್ಲಿಷ್ ಮನೆಮಾತಾದವರು ಹಾಗೆ ಹೇಳುವುದಿಲ್ಲ. ಅವರ ಒತ್ತು ಪೂರ್ತಿ ಗುಣವಾಚಕದ ಮೇಲೆ, ಅಕ್ಕಪಕ್ಕದ ಎರಡೂ ಬರೀ ‘ಅಜ಼್’. ಅದರಲ್ಲೂ ಎರಡನೆಯದು ಹಿಂದಿನ ಪದಕ್ಕೇ ಅಂಟಿಕೊಳ್ಳುತ್ತದೆ. ‘ಅಜ಼್ ಟಾಲಜ಼್ ಮಿ’, ‘ಅಜ಼್ ಗುಡಜ಼್ ನ್ಯೂ’, ‘ಅಜ಼್ ಸೂನಜ಼್ ಪಾಸಿಬಲ್’. ಇಂಗ್ಲಿಷ್ ಸುದ್ದಿ ಕೇಳುವಾಗ ‘ಆ್ಯಸ್’ ಎಲ್ಲಿ ಬಂತು ಅಂತ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಒಂದು ಗುಣವಾಚಕ ಜೋರಾಗಿ ಕೇಳಿಸಿ ಅದರ ಹಿಂದೆ ಮುಂದೆ ಏನೋ ಜ಼್ ಜ಼್ ಅಂದರೆ, ಅಲ್ಲಿ ಯಾವುದನ್ನೋ ಯಾವುದಕ್ಕೋ ಅಳೆದು ನೋಡುತ್ತಿದ್ದಾರೆ ಅಂತ ತಿಳಿಯಿರಿ.